ಬೇರಿನ ಉದ್ದ ಅಳೆದ ಭೌತವಿಜ್ಞಾನಿ

ಕೇಳುಗರಿಗೆ ನಮಸ್ಕಾರ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಉಪ್ಪಳ, ಮಂಜೇಶ್ವರದ ಕಡೆ ಅಡಿಕೆ ಸುಲಿಯುತ್ತಲೋ ಬೀಡಿ ಕಟ್ಟುತ್ತಲೋ ರೇಡಿಯೋ ಹಾಕಿಕೊಂಡು ಕೂತವರಿಗೆ ಇನ್ನೊಂದು ನಮಸ್ಕಾರ. ನಾನು ಕ್ಯಾನ್ಸರ್ ಆಸ್ಪತ್ರೆಯೊಂದರ ರೇಡಿಯೇಶನ್ ವಿಭಾಗದಲ್ಲಿ ಕೆಲಸ ಮಾಡುವವನು. ‘ಕರೆಂಟ್ ಕೊಡುವುದು’ ಅನ್ನುತ್ತಾರಲ್ಲ, ಆ ವಿಭಾಗ. ರೋಗಿಗಳು ನನ್ನನ್ನು ‘ಡಾಕ್ಟ್ರೇ’ ಅಂತಲೇ ಕರೆಯುತ್ತಾರೆ. ನಾನು ಡಾಕ್ಟರ್ ಅಲ್ಲ. ಓದಿದ್ದು ಫಿಸಿಕ್ಸ್. ಯಂತ್ರದಿಂದ ಬರುವ ಕಿರಣ ಎಷ್ಟು, ಅದು ಮೈಯಲ್ಲಿ ಎಲ್ಲಿಗೆ ಬೀಳಬೇಕು, ಎಲ್ಲಿಗೆ ಬೀಳಬಾರದು ಅಂತ ಲೆಕ್ಕ ಹಾಕುವುದು ನನ್ನ ಕೆಲಸ.

ಫಿಸಿಕ್ಸ್‌ನವರಿಗೆ ಆಸ್ಪತ್ರೆಯಲ್ಲಿ ಏನು ಕೆಲಸ ಅಂತ ಕೇಳುವವರು ಜಾಸ್ತಿ. ಅವರಿಗಾಗಿ ಇವತ್ತು ಒಬ್ಬರ ಕಥೆ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಮಾತು. ಕರೆಂಟ್ ಶುರುವಾದ ಮೇಲೆ ಒಂದು ದಿನವೂ ತಪ್ಪಿಸಬೇಡಿ. ಇದನ್ನು ಇನ್ನೂ ಎರಡು ಮೂರು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಅವರ ಹೆಸರು ಲೂಯಿಸ್ ಹೆರಾಲ್ಡ್ ಗ್ರೇ. 1905ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. ಓದಿನಲ್ಲಿ ಬಹಳ ಚುರುಕು. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಓದಿ, ಅಲ್ಲಿನ ಕ್ಯಾವೆಂಡಿಶ್ ಪ್ರಯೋಗಾಲಯ ಸೇರಿದರು. ಅಲ್ಲಿನ ಯಜಮಾನರು ರುದರ್‌ಫರ್ಡ್. ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆ ಅಂತ ತೋರಿಸಿಕೊಟ್ಟವರು. 1932ರಲ್ಲಿ ಆ ಒಂದೇ ಪ್ರಯೋಗಾಲಯದಲ್ಲಿ ಚಾಡ್ವಿಕ್ ಪರಮಾಣುವಿನೊಳಗಿನ ನ್ಯೂಟ್ರಾನ್ ಅನ್ನುವ ಕಣ ಕಂಡುಹಿಡಿದರು, ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಯಂತ್ರದಿಂದ ಪರಮಾಣು ಒಡೆದರು. ಪ್ರಪಂಚದ ಫಿಸಿಕ್ಸ್ ಎಲ್ಲ ಅಲ್ಲೇ ನಡೆಯುತ್ತಿತ್ತು ಅಂದರೂ ತಪ್ಪಿಲ್ಲ.

ಅಂಥ ಜಾಗ ಬಿಟ್ಟು ಗ್ರೇ 1933ರಲ್ಲಿ ಎಲ್ಲಿಗೆ ಹೋದರು ಗೊತ್ತುಂಟಾ? ಲಂಡನ್ ಹೊರವಲಯದ ಮೌಂಟ್ ವರ್ನನ್ ಅನ್ನುವ ಆಸ್ಪತ್ರೆಗೆ. ಕ್ಯಾನ್ಸರ್ ರೋಗಿಗಳಿಗೆ ರೇಡಿಯಂ ಮತ್ತು ಎಕ್ಸ್‌ರೇ ಕೊಡುವ ಜಾಗಕ್ಕೆ. ನನಗಂತೂ ಅವರ ಬದುಕಿನ ಎಲ್ಲಕ್ಕಿಂತ ದೊಡ್ಡ ನಿರ್ಧಾರ ಇದೇ ಅನ್ನಿಸುತ್ತದೆ.

ಆ ಕಾಲದಲ್ಲಿ ಕಿರಣ ಕೊಡುವವರಿಗೆ ಅಳತೆಯದ್ದೇ ದೊಡ್ಡ ತಲೆನೋವು. ಚರ್ಮ ಎಷ್ಟು ಕೆಂಪಾಯಿತು ಅಂತ ನೋಡಿ ಅಂದಾಜು ಮಾಡಿದ ಕಾಲ ಇನ್ನೂ ಪೂರ್ತಿ ಹಿಂದೆ ಸರಿದಿರಲಿಲ್ಲ. ಗ್ರೇ ಕೇಳಿದ್ದು ಒಂದೇ ಪ್ರಶ್ನೆ: ಮೈಯೊಳಗೆ ನಿಜವಾಗಿ ಉಳಿದ ಶಕ್ತಿ ಎಷ್ಟು? ಗಟ್ಟಿ ವಸ್ತುವಿನೊಳಗೆ ಒಂದು ಚಿಕ್ಕ ಗಾಳಿಯ ಪೊಟರೆ ಬಿಟ್ಟು, ಆ ಗಾಳಿಯಲ್ಲಿ ಹುಟ್ಟುವ ವಿದ್ಯುತ್ ಕಣಗಳನ್ನು ಅಳೆದರೆ, ಸುತ್ತಲಿನ ವಸ್ತು ಹೀರಿದ ಶಕ್ತಿ ಲೆಕ್ಕಕ್ಕೆ ಸಿಗುತ್ತದೆ ಅಂತ 1936ರಲ್ಲಿ ತೋರಿಸಿದರು. ಇದಕ್ಕೆ ಬ್ರ್ಯಾಗ್-ಗ್ರೇ ತತ್ವ ಅಂತ ಹೆಸರು. ಬೆಳಿಗ್ಗೆ ಮೊದಲ ರೋಗಿ ಒಳಗೆ ಬರುವ ಮೊದಲು ನಾವು ಯಂತ್ರ ಪರೀಕ್ಷೆ ಮಾಡುತ್ತೇವಲ್ಲ, ಅದರ ಬುಡದಲ್ಲಿರುವುದು ಈ ಲೆಕ್ಕವೇ.

ಇನ್ನು ನನಗೆ ತುಂಬಾ ಇಷ್ಟದ ಭಾಗ. ಬೀನ್ಸ್ ಕಥೆ.

ಗ್ರೇ ಮತ್ತು ಅವರ ಜೊತೆಗಾರ ಜಾನ್ ರೀಡ್ ಸೇರಿ ಆಸ್ಪತ್ರೆಯಲ್ಲೇ ನ್ಯೂಟ್ರಾನ್ ಹುಟ್ಟಿಸುವ ಒಂದು ಯಂತ್ರ ಕಟ್ಟಿದರು. ನ್ಯೂಟ್ರಾನ್ ಜೀವಕೋಶವನ್ನು ಹೇಗೆ ಹೊಡೆಯುತ್ತದೆ, ರೇಡಿಯಂನಂಥ ವಸ್ತುವಿನಿಂದ ಬರುವ ಗಾಮಾ ಕಿರಣ ಹೇಗೆ ಹೊಡೆಯುತ್ತದೆ, ಹೋಲಿಸಿ ನೋಡಬೇಕಿತ್ತು. ಅದಕ್ಕೊಂದು ಜೀವ ಬೇಕಲ್ವಾ? ಮನುಷ್ಯರ ಮೇಲೆ ಮಾಡುವ ಹಾಗಿಲ್ಲ. ಅವರು ಆರಿಸಿಕೊಂಡದ್ದು ಬ್ರಾಡ್ ಬೀನ್ ಅನ್ನುವ ದಪ್ಪ ಕಾಳು. ನೆನೆಹಾಕಿ ಮೊಳಕೆ ಬರಿಸುವುದು. ಬೇರು ನೆಟ್ಟಗೆ ಕೆಳಗೆ ಇಳಿಯುತ್ತದೆ. ಬೇರಿನ ತುದಿಗೆ ಕಿರಣ ಹಾಯಿಸುವುದು. ಆಮೇಲೆ ದಿನಾ ಸ್ಕೇಲ್ ಹಿಡಿದು ಎಷ್ಟು ಮಿಲಿಮೀಟರ್ ಬೆಳೆಯಿತು ಅಂತ ಬರೆದಿಡುವುದು. ಕಿರಣ ಬೀಳದ ಬೇರು ಉದ್ದ ಆಗುತ್ತದೆ, ಬಿದ್ದದ್ದು ಗಿಡ್ಡ ಉಳಿಯುತ್ತದೆ. ಎಷ್ಟು ಗಿಡ್ಡವೋ ಕಿರಣದ ಹೊಡೆತ ಅಷ್ಟು ಜೋರು. ಹೊರಗೆ ಎರಡನೇ ಮಹಾಯುದ್ಧ. ಒಳಗೆ ಪರಮಾಣು ವಿಜ್ಞಾನಿಗಳು ಮೊಳಕೆ ಕಾಳಿನ ಬೇರು ಅಳೆಯುತ್ತಾ ಕೂತಿದ್ದಾರೆ! 1942ರಲ್ಲಿ ಅದನ್ನೆಲ್ಲ ಪ್ರಕಟಿಸಿದರು. ನಮ್ಮ ವಿದ್ಯಾರ್ಥಿಗಳಿಗೆ ಈ ಕಥೆ ಹೇಳಿದರೆ ನಗುತ್ತಾರೆ. ನಗಲಿ. ಹತ್ತು ಕೋಟಿಯ ಯಂತ್ರ ಇದ್ದರೆ ಮಾತ್ರ ಸಂಶೋಧನೆ ಅಂದುಕೊಂಡವರು ಇದನ್ನು ಕೇಳಲೇಬೇಕು.

ಕಥೆ ಮುಗಿದಿಲ್ಲ. ಅದೇ ಆಸ್ಪತ್ರೆಯ ಮೊಟ್ರಾಮ್ ಅನ್ನುವವರು ಮೊದಲೇ ಒಂದು ವಿಚಿತ್ರ ಗಮನಿಸಿದ್ದರು. ಆಮ್ಲಜನಕ ಸಿಗದ ಹಾಗೆ ಮಾಡಿ ಕಿರಣ ಹಾಯಿಸಿದರೆ ಬೇರಿಗೆ ಅಷ್ಟು ಪೆಟ್ಟಾಗುವುದಿಲ್ಲ. ಮುಂದೆ ರೀಡ್ ಅದನ್ನು ಸರಿಯಾಗಿ ಅಳೆದರು. ಆಮ್ಲಜನಕ ಇರುವ ಬೇರಿನ ಬೆಳವಣಿಗೆ ತಡೆಯಲು ಒಂದು ಪಾಲು ಕಿರಣ ಸಾಕಾದರೆ, ಆಮ್ಲಜನಕ ಇಲ್ಲದ ಬೇರನ್ನು ಅಷ್ಟೇ ತಡೆಯಲು ಸುಮಾರು ಮೂರು ಪಾಲು ಬೇಕು. ಅದೇ ಕಾಳು, ಅದೇ ಕಿರಣ, ಅದೇ ಸ್ಕೇಲ್. ಆಮ್ಲಜನಕ ಒಂದು ಇಲ್ಲ, ಅಷ್ಟೇ.

ಬೇರೆಯವರು ಇದನ್ನು ಕಾಳಿನ ಸಂಗತಿ ಅಂತ ಬಿಟ್ಟುಬಿಡುತ್ತಿದ್ದರೋ ಏನೋ. ಗ್ರೇ ಬಿಡಲಿಲ್ಲ. ಕ್ಯಾನ್ಸರ್ ಗಡ್ಡೆಯೊಳಗೂ ಹೀಗೇ ಆಮ್ಲಜನಕ ಇಲ್ಲದ ಜೀವಕೋಶಗಳು ಇದ್ದರೆ? 1953ರಲ್ಲಿ ಜೊತೆಗಾರರೊಂದಿಗೆ ಅದನ್ನೇ ಬರೆದರು. 1955ರಲ್ಲಿ ಥಾಮ್ಲಿನ್ಸನ್ ಜೊತೆ ಶ್ವಾಸಕೋಶದ ಕ್ಯಾನ್ಸರಿನ ತೆಳ್ಳಗಿನ ಹೋಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ರಕ್ತ ಹತ್ತಿರ ಇರುವ ಕಡೆ ಜೀವಕೋಶ ಜೀವಂತ. ಸುಮಾರು 0.2 ಮಿಲಿಮೀಟರ್ ದೂರ ಹೋದರೆ ಎಲ್ಲ ಸತ್ತುಹೋಗಿವೆ. ಆಮ್ಲಜನಕ ಅಲ್ಲಿಯ ತನಕ ಮುಟ್ಟುವುದೇ ಇಲ್ಲ. ಆಮ್ಲಜನಕ ಎಷ್ಟು ದೂರ ಹೋಗಬಹುದು ಅಂತ ಕಾಗದದ ಮೇಲೆ ಹಾಕಿದ ಲೆಕ್ಕವೂ ಹೆಚ್ಚುಕಮ್ಮಿ ಇದನ್ನೇ ಹೇಳಿತು. ಜೀವಂತ ಮತ್ತು ಸತ್ತ ಭಾಗಗಳ ನಡುವೆ ಒಂದು ಪಟ್ಟಿ. ಅಲ್ಲಿನವು ಸತ್ತಿಲ್ಲ, ಆದರೆ ಆಮ್ಲಜನಕವೂ ಸಾಲುತ್ತಿಲ್ಲ. ನಮ್ಮ ಕಿರಣಕ್ಕೆ ಜಗ್ಗದ ಕಳ್ಳರು ಇವರೇ.

ಈಗ ನಿಮ್ಮ ತೋಟಕ್ಕೆ ಬನ್ನಿ. ನೀರು ಎಷ್ಟು ಅಂತ ನೋಡದೆ ಸಿಕ್ಕಾಪಟ್ಟೆ ಸಸಿ ನೆಟ್ಟಿದ್ದೀರಿ ಅಂತ ಇಟ್ಟುಕೊಳ್ಳಿ. ಕಟ್ಟದಿಂದ ಬಿಟ್ಟ ನೀರನ್ನು ತೋಡಿನ ಪಕ್ಕದ ಸಾಲೇ ಕುಡಿದುಬಿಡುತ್ತದೆ. ಹಿಂದಿನ ಸಾಲು ಬಾಡಿಕೊಂಡು ನಿಂತಿರುತ್ತದೆ. ಮುಂದಿನ ಸಾಲು ಕಡಿದುಬಿಟ್ಟರೆ? ನೀರು ಹಿಂದಿನ ಸಾಲಿಗೆ ಹೋಗುತ್ತದೆ, ಅದು ಚಿಗುರುತ್ತದೆ. ಗಡ್ಡೆಯಲ್ಲೂ ಅಷ್ಟೇ. ಇವತ್ತಿನ ಕರೆಂಟ್ ಮುಂದಿನ ಸಾಲನ್ನು ಕೊಲ್ಲುತ್ತದೆ. ಹಿಂದೆ ಅಡಗಿದ್ದ ಕಳ್ಳರಿಗೆ ಆಗ ಆಮ್ಲಜನಕ ಸಿಗುತ್ತದೆ. ಆಮ್ಲಜನಕ ಸಿಕ್ಕಿದ ಕೂಡಲೇ ಅವರು ಕಿರಣಕ್ಕೆ ಸಿಕ್ಕಿಬೀಳುತ್ತಾರೆ. ನಾಳೆಯ ಕರೆಂಟ್ ಅವರಿಗೆ. ಹಾಗಾಗಿ ಒಂದೇ ದಿನ ಎಲ್ಲ ಕೊಟ್ಟು ಮುಗಿಸುವುದಿಲ್ಲ, ವಾರಕ್ಕೆ ಐದು ದಿನದ ಹಾಗೆ ಐದು, ಆರು, ಏಳು ವಾರ ಕೊಡುವುದು ಸಾಮಾನ್ಯ. ಪಕ್ಕದ ಒಳ್ಳೆಯ ಜೀವಕೋಶಗಳಿಗೂ ಚೇತರಿಸಿಕೊಳ್ಳಲು ಸಮಯ ಸಿಗುತ್ತದೆ.

ನಡುವೆ ನೀವು ಒಂದು ವಾರ ಬರದಿದ್ದರೆ? ಉಳಿದ ಕ್ಯಾನ್ಸರ್ ಕೋಶಗಳು ಸುಮ್ನೆ ಕೂರುತ್ತವಾ? ಆಮ್ಲಜನಕ ಸಿಕ್ಕಿದೆ, ಜಾಗ ಸಿಕ್ಕಿದೆ, ಮತ್ತೆ ಹುಟ್ಟಿಕೊಳ್ಳುತ್ತವೆ. ಬಾಯಿ, ಗಂಟಲು, ಗರ್ಭಕೋಶದ ಕೊರಳಿನ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದು ದಿನ ಉದ್ದವಾದರೆ ಗೆಲ್ಲುವ ಸಾಧ್ಯತೆ ಸುಮಾರು ಶೇಕಡಾ 1ರಷ್ಟು ಇಳಿಯುತ್ತದೆ. ಒಂದು ವಾರಕ್ಕೆ ಎಷ್ಟಾಯಿತು, ನೀವೇ ಕೂಡಿಸಿ.

ಆದರೂ ನಾವು ಕೇಳುವುದು ಏನು? ‘ದೇವಸ್ಥಾನದಲ್ಲಿ ಬ್ರಹ್ಮಕಲಶ ಉಂಟು ಡಾಕ್ಟ್ರೇ, ಮುಗಿಸಿ ಬರ್ತೇನೆ.’ ‘ಅಡಿಕೆ ಕೊಯ್ಲಿಗೆ ಜನ ಇವತ್ತೇ ಸಿಕ್ಕಿದ್ದು.’ ‘ಗಂಟಲು ಉರಿ, ನಾಲ್ಕು ದಿನ ರೆಸ್ಟ್ ತಗೊಳ್ತೇನೆ.’ ಮಾರಾಯ್ರೆ, ಉರಿ ಇದ್ದರೆ ಆಸ್ಪತ್ರೆಗೆ ಬಂದು ಹೇಳಿ, ಮದ್ದು ಉಂಟು. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಮಂಗಳೂರಿಗೆ ಬರಲು ಪಟ್ಟ ಪಾಡು ಎಲ್ಲರಿಗೂ ಗೊತ್ತು. ಅದು ನಮ್ಮ ನಿಮ್ಮ ಕೈಯಲ್ಲಿ ಇರಲಿಲ್ಲ. ಬ್ರಹ್ಮಕಲಶದ ಊಟ ಬಿಡುವುದು ನಿಮ್ಮ ಕೈಯಲ್ಲೇ ಇದೆ.

ಅಲ್ಲಿ ಗಾಜಿನ ಆಚೆಯಿಂದ ಸಮಯ ಆಯಿತು ಅಂತ ಕೈ ತೋರಿಸುತ್ತಿದ್ದಾರೆ. ಬೀನ್ಸ್ ಕಥೆ ಸ್ವಲ್ಪ ಉದ್ದ ಆಯಿತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಆಮ್ಲಜನಕ ಹೊತ್ತು ತರುವುದು ರಕ್ತ. ಹಾಗಾಗಿ ಹಿಮೋಗ್ಲೋಬಿನ್ ಕಮ್ಮಿ ಇದೆ ಅಂತ ಡಾಕ್ಟರ್ ಹೇಳಿದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಕರೆಂಟ್ ನಡೆಯುವಾಗ ಬೀಡಿ ಸಿಗರೇಟು ಬೇಡವೇ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದುಕೊಳ್ಳುತ್ತದೆ. ಅಡಿಕೆ ಜಗಿಯುವ ವಿಷಯ ಅಡಿಕೆ ಕೃಷಿಕರ ಎದುರು ಇವತ್ತು ಎತ್ತುವುದಿಲ್ಲ, ಅದಕ್ಕೆ ಬೇರೆಯೇ ಭಾಷಣ ಬೇಕು.

ನಮ್ಮ ದೇಶದಲ್ಲೂ ಈ ದಾರಿ ಹಿಡಿದವರು ಇದ್ದಾರೆ. ಆಂಧ್ರದ ಗಡಿಯ ಮದನಪಲ್ಲಿಯ ರಾಮಯ್ಯ ನಾಯ್ಡು ಪ್ಯಾರಿಸ್‌ನಲ್ಲಿ ಮೇರಿ ಕ್ಯೂರಿ ಅವರ ಬಳಿ ಕೆಲಸ ಮಾಡಿ, ಮುಂದೆ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ರೇಡಾನ್ ಘಟಕ, ಅಂದರೆ ರೇಡಿಯಂನಿಂದ ಹೊರಡುವ ರೇಡಾನ್ ಅನಿಲವನ್ನು ಚಿಕಿತ್ಸೆಗೆ ಹಿಡಿದಿಡುವ ಘಟಕ ಕಟ್ಟಿದರು. ಅವರ ಬಗ್ಗೆ ಹೇಳಲು ಇನ್ನೊಮ್ಮೆ ಕರೆದರೆ ಖಂಡಿತ ಬರುತ್ತೇನೆ.

ಗ್ರೇ 1965ರಲ್ಲಿ, 59ನೇ ವಯಸ್ಸಿನಲ್ಲಿ ತೀರಿಕೊಂಡರು. 1975ರಲ್ಲಿ ಕಿರಣದ ಅಳತೆಗೇ ‘ಗ್ರೇ’ ಅಂತ ಹೆಸರಿಟ್ಟರು. ಒಂದು ಕಿಲೋಗ್ರಾಂ ವಸ್ತು ಒಂದು ಜೌಲ್ ಶಕ್ತಿ ಹೀರಿದರೆ ಅದು ಒಂದು ಗ್ರೇ. ನಿಮ್ಮ ಚಿಕಿತ್ಸೆಯ ಕಾರ್ಡಿನಲ್ಲಿ ‘ಜಿ ವೈ’ ಅಂತ ಎರಡು ಇಂಗ್ಲಿಷ್ ಅಕ್ಷರ ಇರುತ್ತವಲ್ಲ, ಅದು ಇವರೇ.

ಒಂದು ದಿನವೂ ತಪ್ಪಿಸಬೇಡಿ. ಹರತಾಳವೋ, ಬಸ್ಸಿಲ್ಲವೋ, ಜ್ವರವೋ, ಏನೇ ಆಗಿ ತಪ್ಪಿದರೂ ಅದೇ ದಿನ ನಿಮ್ಮ ಆಸ್ಪತ್ರೆಗೆ ಫೋನ್ ಮಾಡಿ. ತಪ್ಪಿದ್ದನ್ನು ಶನಿವಾರ ಸೇರಿಸಿ ಕೊಡಲು ಆಗುತ್ತದಾ ಅಂತ ಅವರು ನೋಡುತ್ತಾರೆ. ಸೋಮವಾರ ಬಂದು ಹೇಳಿದರಾಯಿತು ಅಂತ ಕೂರಬೇಡಿ. ನಮಸ್ಕಾರ.