ಕ್ಯೂಬ್ ಬಿಡಿಸುವ ವೇಗ: ಕೈ ನಿಲ್ಲುವುದೆಲ್ಲಿ?

ಕೇಳುಗರಿಗೆ ನಮಸ್ಕಾರ.

ರೂಬಿಕ್ ಕ್ಯೂಬ್ ಬಿಡಿಸಲು ಬರುತ್ತದೆ, ಆದರೆ ಸಮಯ 25 ಸೆಕೆಂಡಿನ ಆಸುಪಾಸಿನಲ್ಲೇ ನಿಂತುಬಿಟ್ಟಿದೆ ಎನ್ನುವವರಿಗಾಗಿ ಈ ಮಾತು. 1982ರಲ್ಲಿ ಬುಡಾಪೆಸ್ಟ್‌ನಲ್ಲಿ ನಡೆದ ಮೊದಲ ವಿಶ್ವ ಸ್ಪರ್ಧೆಯನ್ನು ಮಿನ್ ಥಾಯ್ ಗೆದ್ದದ್ದು 22.95 ಸೆಕೆಂಡಿಗೆ. 2023ರಲ್ಲಿ ಮ್ಯಾಕ್ಸ್ ಪಾರ್ಕ್ 3.13 ಸೆಕೆಂಡಿಗೆ ಮುಗಿಸಿದರು. ನಡುವೆ ಕ್ಯೂಬಿನ ಒಳಗಿನ ರಚನೆ ಸುಧಾರಿಸಿತು, ಬಿಡಿಸುವ ವಿಧಾನವೂ ಪಳಗಿತು. ಇವತ್ತು ಹೆಚ್ಚಿನವರು ಹಿಡಿಯುವ ದಾರಿ ಸಿಎಫ್‌ಓಪಿ. ಜೆಸ್ಸಿಕಾ ಫ್ರಿಡ್ರಿಕ್ ಜನಪ್ರಿಯಗೊಳಿಸಿದ್ದರಿಂದ ಇದನ್ನು ಫ್ರಿಡ್ರಿಕ್ ವಿಧಾನ ಎಂದೂ ಕರೆಯುತ್ತಾರೆ. ಮೊದಲು ಕೆಳಮುಖದ ನಾಲ್ಕು ಅಂಚಿನ ತುಂಡುಗಳನ್ನು ಕೂರಿಸುವ ಕ್ರಾಸ್, ಆಮೇಲೆ ಕೆಳಗಿನ ಎರಡು ಪದರ ತುಂಬುವ ಎಫ್‌ಟುಎಲ್, ಮೇಲಿನ ಮುಖವನ್ನು ಒಂದೇ ಬಣ್ಣಕ್ಕೆ ತರುವ ಓಎಲ್‌ಎಲ್, ಕೊನೆಗೆ ಆ ಪದರದ ತುಂಡುಗಳನ್ನು ಅವುಗಳ ಜಾಗಕ್ಕೆ ಸೇರಿಸುವ ಪಿಎಲ್‌ಎಲ್.

ಒಂದು ಸಣ್ಣ ಲೆಕ್ಕ ಮಾಡೋಣ. ಈ ವಿಧಾನದಲ್ಲಿ ಒಂದು ಕ್ಯೂಬಿಗೆ ಸುಮಾರು 60 ತಿರುವು ಬೇಕು. ಸೆಕೆಂಡಿಗೆ 5 ತಿರುವು ಸಾಧಾರಣ ವೇಗ, ಹೆಚ್ಚಿನವರ ಬೆರಳಿಗೆ ಅದು ಬಂದಿರುತ್ತದೆ. ಹಾಗಾದರೆ 12 ಸೆಕೆಂಡಿಗೆ ಮುಗಿಯಬೇಕಿತ್ತು. 25 ಆಗುತ್ತಿದೆ ಎಂದರೆ ಉಳಿದ 13 ಸೆಕೆಂಡು ಕೈ ಸುಮ್ಮನೆ ನಿಂತಿದೆ, ಕಣ್ಣು ತುಂಡು ಹುಡುಕುತ್ತಿದೆ. ಹೀಗಿರುವಾಗ ಇನ್ನಷ್ಟು ಅಲ್ಗಾರಿದಮ್, ಅಂದರೆ ಒಂದೊಂದು ಸನ್ನಿವೇಶಕ್ಕೆ ತಕ್ಕ ತಿರುವುಗಳ ಸಿದ್ಧ ಸರಣಿ, ಬಾಯಿಪಾಠ ಮಾಡುವುದಕ್ಕಿಂತ ಮೊದಲು ಈ ನಿಲುಗಡೆಗಳನ್ನು ತೆಗೆಯಬೇಕು. ಅವು ಬಹುಪಾಲು ಇರುವುದು ಎಫ್‌ಟುಎಲ್‌ನಲ್ಲಿ.

ಅದಕ್ಕೂ ಮುಂಚೆ ಕ್ರಾಸ್. ಅರ್ಧ ಸುತ್ತನ್ನೂ ಒಂದೇ ತಿರುವೆಂದು ಎಣಿಸಿದರೆ, ಕ್ಯೂಬ್ ಎಷ್ಟೇ ಕಲೆಸಿದ್ದರೂ ಕ್ರಾಸ್ 8 ತಿರುವಿನೊಳಗೆ ಆಗುತ್ತದೆ. ನಿಮಗೆ 12 ಹಿಡಿಯುತ್ತಿದ್ದರೆ ಅಂಚಿನ ತುಂಡುಗಳನ್ನು ಒಂದೊಂದಾಗಿ ಕೂರಿಸುತ್ತಿದ್ದೀರಿ ಎಂದರ್ಥ. ಎರಡೆರಡನ್ನು ಒಟ್ಟಿಗೆ ನಡೆಸುವುದನ್ನು ಕಲಿಯಿರಿ. ಸ್ಪರ್ಧೆಯಲ್ಲಿ ಕ್ಯೂಬ್ ನೋಡಿಕೊಳ್ಳಲು 15 ಸೆಕೆಂಡು ಕೊಡುತ್ತಾರೆ. ಅಷ್ಟರಲ್ಲಿ ಇಡೀ ಕ್ರಾಸ್ ಮನಸ್ಸಿನಲ್ಲೇ ಮುಗಿದಿರಬೇಕು. ಪರೀಕ್ಷಿಸಿಕೊಳ್ಳುವುದು ಸುಲಭ: ನೋಡಿ, ಕಣ್ಣು ಮುಚ್ಚಿ, ಕ್ರಾಸ್ ಮಾಡಿ, ಕಣ್ಣು ತೆರೆಯಿರಿ. ತಪ್ಪಿದ್ದರೆ ಯೋಜನೆ ಪೂರ್ತಿಯಾಗಿರಲಿಲ್ಲ. ಕ್ರಾಸನ್ನು ಕೆಳಮುಖದಲ್ಲೇ ಕಟ್ಟಬೇಕು. ಮೇಲೆ ಕಟ್ಟಿ ಆಮೇಲೆ ಕ್ಯೂಬ್ ಬೋರಲು ಹಾಕುವವರಿಗೆ ಮೊದಲ ಜೋಡಿ ಎಲ್ಲಿದೆ ಎಂಬುದೇ ಕೈತಪ್ಪುತ್ತದೆ.

ಈಗ ಎಫ್‌ಟುಎಲ್. ಒಂದು ಮೂಲೆ ತುಂಡು, ಒಂದು ಅಂಚಿನ ತುಂಡು ಸೇರಿ ಜೋಡಿ; ಹೀಗೆ ನಾಲ್ಕು ಜೋಡಿ. ಇಲ್ಲಿ 41 ಸನ್ನಿವೇಶಗಳಿವೆ. ಪಟ್ಟಿ ಹಿಡಿದು ಉರುಹೊಡೆಯುವ ಅಗತ್ಯವಿಲ್ಲ, ಮೂಲೆ ಮತ್ತು ಅಂಚು ಯಾಕೆ ಹಾಗೆ ಸೇರುತ್ತವೆ ಎಂದು ಅರ್ಥ ಮಾಡಿಕೊಂಡರೆ ಹೆಚ್ಚಿನವು ತಾವಾಗಿ ಬರುತ್ತವೆ. ಕಷ್ಟ ಇರುವುದು ಕಣ್ಣಿನಲ್ಲಿ. ಜೋಡಿ ಒಳಗೆ ಹೋಗುವ ಕೊನೆಯ ಮೂರು ತಿರುವುಗಳನ್ನು, ಅಂದರೆ ಆರ್ (ಬಲಪಕ್ಕ), ಯು (ಮೇಲಿನ ಪದರ), ಆರ್ ಪ್ರೈಮ್ (ಬಲಪಕ್ಕ ಹಿಮ್ಮುಖವಾಗಿ) ಎಂಬಂಥವನ್ನು, ಬಹಳ ಮಂದಿ ಪೂರ್ತಿ ನೋಡುತ್ತಾ ಕೂರುತ್ತಾರೆ. ಬೆರಳಿಗೆ ಗೊತ್ತಿರುವ ಕೆಲಸವನ್ನು ಕಣ್ಣು ಕಾಯಬೇಕಾಗಿಲ್ಲ. ಅಷ್ಟು ಹೊತ್ತಿನಲ್ಲಿ ಮುಂದಿನ ಜೋಡಿಯ ಒಂದು ತುಂಡಾದರೂ ಸಿಕ್ಕಿರಬೇಕು.

ಇದಕ್ಕೆ ಅಭ್ಯಾಸ ಒಂದೇ, ನಿಧಾನ ಮಾಡುವುದು. ಫೋನಿನಲ್ಲಿ ಮೆಟ್ರೊನೋಮ್ ಹಾಕಿ ನಿಮಿಷಕ್ಕೆ 60 ಬಡಿತ ಇಡಿ. ಬಡಿತಕ್ಕೊಂದು ತಿರುವು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಸಂಗೀತ ಕಲಿಯುವವರು ಸರಳೆಯನ್ನು ಮೊದಲನೇ ಕಾಲದಲ್ಲಿ ತಾಳ ತಪ್ಪದೆ ಹಾಡಿ ಆಮೇಲೆ ಎರಡನೇ ಕಾಲಕ್ಕೆ ಹೋಗುವುದಿಲ್ಲವೇ, ಇದೂ ಹಾಗೆಯೇ. ನಾಲ್ಕು ಜೋಡಿಯೂ ಒಂದು ಬಡಿತ ಬಿಡದೆ ಮುಗಿದರೆ ಮಾತ್ರ 70ಕ್ಕೆ ಏರಿಸಿ. ಈ ಅಭ್ಯಾಸ ಮಾಡುವಾಗ ಟೈಮರ್ ಮುಟ್ಟಬೇಡಿ. ಟೈಮರ್ ಕಂಡೊಡನೆ ಕೈ ಓಡುತ್ತದೆ, ಕಣ್ಣು ಹಿಂದೆ ಬೀಳುತ್ತದೆ.

ಇನ್ನೆರಡು ವಿಷಯ ಇಲ್ಲಿಯೇ ಹೇಳಬೇಕು. ಸಾಧ್ಯವಾದರೆ ಜೋಡಿ ಕೂರುವ ಹಿಂಬದಿಯ ಎರಡು ಸ್ಲಾಟ್‌ಗಳನ್ನು ಮೊದಲು ತುಂಬಿ. ಅವು ನಮಗೆ ಕಾಣುವುದಿಲ್ಲ. ತುಂಬಿಬಿಟ್ಟರೆ ಉಳಿದ ತುಂಡುಗಳು ಮೇಲಿನ ಪದರದಲ್ಲೋ ಮುಂಬದಿಯಲ್ಲೋ ಇರಲೇಬೇಕು, ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ. ಹಾಗೆಯೇ ಇಡೀ ಕ್ಯೂಬನ್ನು ಕೈಯಲ್ಲಿ ಹೊರಳಿಸುವುದನ್ನು ಕಡಿಮೆ ಮಾಡಿ. ಪ್ರತಿ ಹೊರಳಿಗೂ ಹಿಡಿತ ಬದಲಾಗುತ್ತದೆ, ನೋಡಿಟ್ಟ ತುಂಡು ಕಣ್ಣಿಂದ ಜಾರುತ್ತದೆ. ಬಲಗೈಯಲ್ಲಿ ಬರುವ ಜೋಡಣೆ ಎಡಗೈಯಲ್ಲೂ ಬಂದರೆ ಅರ್ಧ ಹೊರಳಾಟ ತಾನಾಗಿ ನಿಲ್ಲುತ್ತದೆ.

ಕೊನೆಯ ಪದರಕ್ಕೆ ಬಂದರೆ ಪಿಎಲ್‌ಎಲ್ 21, ಓಎಲ್‌ಎಲ್ 57 ಸನ್ನಿವೇಶಗಳು. ಪಿಎಲ್‌ಎಲ್ ಮೊದಲು ಕಲಿಯಿರಿ, ಕಡಿಮೆ ಶ್ರಮಕ್ಕೆ ಹೆಚ್ಚು ಲಾಭ. ಅದರಲ್ಲೂ ಎನ್ ಆಕಾರದ ಎರಡನ್ನು ಕೊನೆಗೆ ಬಿಡಿ: ಅವು ಒಂದೊಂದೂ 72ರಲ್ಲಿ ಒಮ್ಮೆ ಬರುವಂಥವು, ಉದ್ದವೂ ಹೌದು. ಟಿ, ಜೆ, ವೈ ಆಕಾರದವು ಒಂದೊಂದೂ 18ಕ್ಕೊಮ್ಮೆ ಬರುತ್ತವೆ. ಗುರುತು ಹಿಡಿಯಲು ಕ್ಯೂಬ್ ಸುತ್ತಿಸಿ ನೋಡಬೇಡಿ. ಎದುರಿನ ಎರಡು ಪಕ್ಕಗಳ ಮೇಲಿನ ಸಾಲಿನಲ್ಲಿರುವ ಆರು ಬಣ್ಣ ಸಾಕು, 21ರಲ್ಲಿ ಯಾವುದೆಂದು ಹೇಳಬಹುದು.

ಓಎಲ್‌ಎಲ್‌ಗೆ ಸದ್ಯ ಮೊದಲು ಅಂಚು, ಆಮೇಲೆ ಮೂಲೆ ಎಂಬ ಎರಡು ಹಂತದ 10 ಅಲ್ಗಾರಿದಮ್‌ಗಳೇ ಇರಲಿ. ಎಫ್‌ಟುಎಲ್ ನಿಲ್ಲದೆ ಹರಿಯತೊಡಗಿದ ಮೇಲೆ ಉಳಿದವನ್ನು ದಿನಕ್ಕೊಂದರಂತೆ ಸೇರಿಸಬಹುದು. ಮೇಲ್ಮುಖದಲ್ಲಿ ಟಿ ಆಕಾರ ಕಾಣುವ ಎರಡರಿಂದ ಶುರು ಮಾಡಿ. ಒಂದು 6 ತಿರುವು, ಇನ್ನೊಂದು 8. ಮೇಲ್ಮುಖದಲ್ಲಿ ಒಂದಂಚೂ ನೆಟ್ಟಗಿಲ್ಲದ 8 ಸನ್ನಿವೇಶಗಳನ್ನು ಕೊನೆಗಿಡಿ. ಎಲ್ಲ ಸೇರಿ 8ರಲ್ಲಿ ಒಮ್ಮೆ ಮಾತ್ರ ಎದುರಾಗುತ್ತವೆ.

ಅಲ್ಗಾರಿದಮ್ ಕಲಿಯುವಾಗ ಬೆರಳನ್ನೂ ಗಮನಿಸಿ. ಮೇಲಿನ ಪದರವನ್ನು ಬಲಗೈ ತೋರುಬೆರಳು ಒಂದು ಕಡೆಗೆ ತಳ್ಳಬೇಕು, ಎಡಗೈ ತೋರುಬೆರಳು ಇನ್ನೊಂದು ಕಡೆಗೆ. ಅರ್ಧ ಸುತ್ತಿಗೆ ತೋರುಬೆರಳಿನ ಹಿಂದೆಯೇ ಮಧ್ಯದ ಬೆರಳು. ಮಣಿಕಟ್ಟು ತಿರುಗಿಸಿ ಮೇಲಿನ ಪದರ ಹೊರಳಿಸುತ್ತಿದ್ದರೆ ಆ ಅಲ್ಗಾರಿದಮ್ ಎಂದಿಗೂ ವೇಗವಾಗುವುದಿಲ್ಲ.

ಕ್ಯೂಬಿನ ಸ್ಕ್ರೂ ತುಂಬ ಸಡಿಲವಾದರೆ ಓಟ ಚೆನ್ನಾಗಿರುತ್ತದೆ, ಆದರೆ ಮೂಲೆ ತುಂಡು ಇದ್ದಲ್ಲೇ ತಿರುಚಿಕೊಳ್ಳುತ್ತದೆ. ಹಾಗೆ ಒಂದು ಮೂಲೆ ತಿರುಚಿದ ಕ್ಯೂಬನ್ನು ತಿರುವುಗಳಿಂದ ಬಿಡಿಸಲಾಗದು. ಆರೂ ಕಡೆ ಸಮನಾಗಿ ಬಿಗಿ ಮಾಡಿ, ಸಿಲಿಕೋನ್ ಲೂಬ್ ಎರಡು ಮೂರು ಹನಿ ಹಾಕಿದರೆ ಸಾಕು.

ಸಮಯ ಅಳೆಯುವಾಗ ಸ್ಪರ್ಧೆಯ ಕ್ರಮವನ್ನೇ ಇಟ್ಟುಕೊಳ್ಳಿ: ಐದು ಸಲ ಬಿಡಿಸಿ, ಅತಿ ಒಳ್ಳೆಯದನ್ನೂ ಅತಿ ಕೆಟ್ಟದ್ದನ್ನೂ ಬಿಟ್ಟು ನಡುವಿನ ಮೂರರ ಸರಾಸರಿ ಬರೆದಿಡಿ. ಜೊತೆಗೆ ವಾರಕ್ಕೊಮ್ಮೆ ಫೋನಿನಲ್ಲಿ ವಿಡಿಯೊ ಮಾಡಿ, ಕೈ ನಿಂತ ಜಾಗಗಳನ್ನು ಎಣಿಸಿ. ಮೂರನೇ ಜೋಡಿಗೆ ಮುಂಚೆ ನಿಲ್ಲುತ್ತಿದೆಯೋ, ಓಎಲ್‌ಎಲ್ ಗುರುತಿಸಲು ನಿಲ್ಲುತ್ತಿದೆಯೋ ಅದರಲ್ಲಿ ಕಾಣುತ್ತದೆ. ಮುಂದಿನ ವಾರದ ಅಭ್ಯಾಸವನ್ನು ಅಲ್ಲಿಂದಲೇ ಶುರು ಮಾಡಿ.

ನಮಸ್ಕಾರ.