ಇಂಡಾಲ್, ನೋವೆಲಿಸ್ ಮತ್ತು 96 ರೂಪಾಯಿಯ ಶೇರು

ನಮಸ್ಕಾರ. ಬೆಳಗಾವಿಯವರಿಗೆ ಯಮನಾಪುರದ ಹಿಂಡಾಲ್ಕೊ (ಅಲ್ಯೂಮಿನಿಯಂ ಕಂಪನಿ) ಕಾರ್ಖಾನೆ ಗೊತ್ತೇ ಇದೆ. ಹಳಬರ ಬಾಯಲ್ಲಿ ಅದು ಇವತ್ತಿಗೂ ಇಂಡಾಲ್. ಕೆನಡಾದ ಆಲ್ಕಾನ್ ಕೈಯಲ್ಲಿದ್ದ ಇಂಡಾಲ್ ಪಾಲನ್ನು ಹಿಂಡಾಲ್ಕೊ 2000ದಲ್ಲಿ ಕೊಂಡಿತು. ಅದಕ್ಕೆ ಯಾರೂ ನಿದ್ದೆ ಕೆಡಿಸಿಕೊಳ್ಳಲಿಲ್ಲ. ನಿದ್ದೆ ಕೆಟ್ಟಿದ್ದು 2007ರಲ್ಲಿ, ಅದೇ ಆಲ್ಕಾನ್‌ನಿಂದ ಬೇರೆಯಾಗಿದ್ದ ನೋವೆಲಿಸ್ ಎಂಬ ಅಲ್ಯೂಮಿನಿಯಂ ಹಾಳೆ ಕಂಪನಿಯನ್ನು ಕೊಂಡಾಗ.

ಸಾಲವೂ ಸೇರಿ ಸುಮಾರು 600 ಕೋಟಿ ಡಾಲರ್ ವ್ಯವಹಾರ. ನೋವೆಲಿಸ್ ಆಗ ನಷ್ಟದಲ್ಲಿತ್ತು. ಅಲ್ಯೂಮಿನಿಯಂ ದರ ಎಷ್ಟೇ ಏರಲಿ, ಇಷ್ಟಕ್ಕಿಂತ ಜಾಸ್ತಿ ಕೇಳಲ್ಲ ಅಂತ ಕೆಲವು ಡಬ್ಬಿ ತಯಾರಕರಿಗೆ ಬರೆದುಕೊಟ್ಟಿತ್ತು. ದರ ಏರಿಯೇಬಿಟ್ಟಿತು. ಎಲ್ಲರೂ ಆಡಿಕೊಂಡಿದ್ದು ಇದನ್ನೇ. ನನಗೆ ಕಾಡುವುದು ದುಡ್ಡು ತಂದ ರೀತಿ. ಸುಮಾರು 300 ಕೋಟಿ ಡಾಲರ್ ಬ್ರಿಜ್ ಲೋನ್! ಬೇಗನೆ ತೀರಿಸಬೇಕಾದ ಸಾಲ, ಆದರೆ ಕೊಂಡಿದ್ದು ಹತ್ತಿಪ್ಪತ್ತು ವರ್ಷ ದುಡಿಸಬೇಕಾದ ಕಾರ್ಖಾನೆ.

ಇದು ನನಗೆ ಅರ್ಥವಾಗಿದ್ದು ಬೆಳಗಾವಿಯ ಕಾರ್ಖಾನೆಗಳ ಬಡಾವಣೆ ಉದ್ಯಮಬಾಗದಲ್ಲಿ. ನಮ್ಮ ಕಾಕಾ ಪಕ್ಕದ ಫೌಂಡ್ರಿ ಶೆಡ್ಡನ್ನು ಫರ್ನೇಸ್ ಸಮೇತ ಕೊಂಡಿದ್ದರು. ಟರ್ಮ್ ಲೋನ್‌ಗೆ (ವರ್ಷಗಟ್ಟಲೆ ಕಂತಿನಲ್ಲಿ ತೀರಿಸುವ ಸಾಲ) ಅಲೆದಾಟ ಯಾಕೆ ಅಂತ ಸಿ.ಸಿ., ಅಂದರೆ ಕ್ಯಾಶ್ ಕ್ರೆಡಿಟ್ ಖಾತೆಯಿಂದಲೇ ದುಡ್ಡು ಎಳೆದರು. ಅದು ಕಬ್ಬಿಣ, ಕೋಕ್, ಪಗಾರಕ್ಕೆ ಅಂತ ಇಟ್ಟ ದುಡ್ಡು, ವರ್ಷ ವರ್ಷ ರಿನ್ಯೂ ಆಗಬೇಕು. 2008ರ ಕೊನೆಗೆ ಗಾಡಿ ಕಂಪನಿಗಳ ಆರ್ಡರ್ ನಿಂತವು. ಬ್ಯಾಂಕಿನವರು ಲಿಮಿಟ್ ಇಳಿಸಿದರು. ಫರ್ನೇಸ್ ಚೆನ್ನಾಗೇ ಇತ್ತು, ಶನಿವಾರದ ಪಗಾರಕ್ಕೆ ದುಡ್ಡಿರಲಿಲ್ಲ. ಕಾಕಾ ಮನೆ ಕಟ್ಟಲು ಇಟ್ಟುಕೊಂಡಿದ್ದ ಸೈಟ್ ಮಾರಿದರು.

ಹಿಂಡಾಲ್ಕೊ ಮಾಡಿದ್ದೂ ಹೆಚ್ಚು ಕಡಿಮೆ ಇದೇ, ಅಲ್ವಾ? ಆ ಬ್ರಿಜ್ ಲೋನ್ ತೀರಿಸಲು ಹುಡುಕಿದ ದಾರಿ, ಸಾಲದ ಜಾಗದಲ್ಲಿ ಯಜಮಾನರ, ಅಂದರೆ ಶೇರುದಾರರ ದುಡ್ಡು ಕೂರಿಸುವುದು. 7 ಶೇರು ಇದ್ದವರಿಗೆ 3 ಹೊಸ ಶೇರು, ಒಂದಕ್ಕೆ 96 ರೂಪಾಯಿ, ಒಟ್ಟು 5,000 ಕೋಟಿ ರೂಪಾಯಿ ಆಸುಪಾಸಿನ ರೈಟ್ಸ್ ಇಶ್ಯೂ. ಆದರೆ ಗಳಿಗೆ ನೋಡಿ. 2008ರ ಸೆಪ್ಟೆಂಬರ್ 15ಕ್ಕೆ ಅಮೆರಿಕದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ಮುಳುಗಿತು, ಶೇರುಪೇಟೆಗಳು ಕುಸಿದವು. ಇಶ್ಯೂ ಬಂದಿದ್ದು ಅದರ ಬೆನ್ನಿಗೇ. ಮುಗಿಯುವ ಹೊತ್ತಿಗೆ ಅದೇ ಶೇರು ಪೇಟೆಯಲ್ಲಿ 96ಕ್ಕಿಂತ ಅಗ್ಗ! ಪೇಟೆಯಲ್ಲಿ ಅಗ್ಗಕ್ಕೆ ಸಿಗುವಾಗ ಕಂಪನಿ ಹತ್ತಿರ ತುಟ್ಟಿಗೆ ಯಾರು ಕೊಳ್ತಾರೆ? ಕಂಪನಿ ಮೇಲೆ ನಂಬಿಕೆ ಇಟ್ಟು ಮೊದಲೇ ಅರ್ಜಿ ಹಾಕಿದ ಸಣ್ಣ ಶೇರುದಾರ ಸುಮ್ನೆ ಸಿಕ್ಕಿಬಿದ್ದ.

ಟಾಟಾ ಮೋಟರ್ಸ್ ಕತೆಯೂ ಅದೇ ಹೊತ್ತಿನದ್ದು. 230 ಕೋಟಿ ಡಾಲರ್‌ಗೆ ಜಾಗ್ವಾರ್ ಲ್ಯಾಂಡ್ ರೋವರ್, ಮತ್ತೆ ಬ್ರಿಜ್ ಲೋನ್, ಮತ್ತೆ 340 ರೂಪಾಯಿಗೆ ರೈಟ್ಸ್. ಪೇಟೆ ದರ ಅದಕ್ಕಿಂತ ಕೆಳಗೆ. ಜನ ಬಿಟ್ಟ ಶೇರಿನಲ್ಲಿ ದೊಡ್ಡ ಪಾಲನ್ನು ಟಾಟಾ ಗುಂಪೇ ತಗೊಂಡಿತು. 2009ರ ಮೇನಲ್ಲಿ ಎಸ್‌ಬಿಐ ಗ್ಯಾರಂಟಿ ಮೇಲೆ 4,200 ಕೋಟಿ ರೂಪಾಯಿ ಡಿಬೆಂಚರ್ (ಸಾಲಪತ್ರ) ತಂದು ಹಳೆ ಸಾಲದ ಗಡುವು ದಾಟಿದರು.

ಆಮೇಲೆ ಎರಡೂ ಕಂಪನಿ ಚೇತರಿಸಿಕೊಂಡವು. ಹಾಗಾಗಿ ಈಗ ಎಲ್ಲರೂ ದೂರದೃಷ್ಟಿ ಅಂತ ಹೊಗಳುತ್ತಾರೆ. ನಾನು ಒಪ್ಪುವುದಿಲ್ಲ. ಕೊಂಡಿದ್ದು ಸರಿ ಇರಬಹುದು, ಸಾಲದ ಅವಧಿ ಮಾತ್ರ ಶುದ್ಧ ಜೂಜು. ಅವರಿಗೆ ಬೆನ್ನಿಗೆ ಗುಂಪಿತ್ತು, ಗ್ಯಾರಂಟಿ ಇತ್ತು. ಉದ್ಯಮಬಾಗದವರಿಗೆ ಇದ್ದಿದ್ದು ಒಂದು ಸೈಟ್.

ಮೊನ್ನೆ ಕಾಕಾಗೆ ಇನ್ನೊಂದು ಶೆಡ್ ಮಾರಾಟಕ್ಕಿದೆ ಅಂತ ಹೇಳಿದೆ. ರೇಟ್ ಕೇಳಲಿಲ್ಲ. "ಬ್ಯಾಂಕಿನವರು ಎಷ್ಟು ವರ್ಷಕ್ಕ ಕೊಡ್ತಾರಪಾ?" ಅಂದರು.