ಬೆಳ್ಳಗಾದ ತೆಂಗಿಗೆ ಏನೆನ್ನಬೇಕು?

ಕೇಳುಗರಿಗೆ ನಮಸ್ಕಾರ.

ಮಂಗಳೂರು, ಉಡುಪಿಯ ಕಡೆ ಕ್ಯಾಮೆರಾ ಹಿಡಿದವರಿಗೆ ಬರವಿಲ್ಲ. ಮಲ್ಪೆಯ ದಕ್ಕೆಯಲ್ಲಿ, ಕಾಪು ದೀಪಸ್ತಂಭದ ಬುಡದಲ್ಲಿ, ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಎಲ್ಲಿ ನೋಡಿದರೂ ಇದ್ದಾರೆ. ಬರ ಇರುವುದು ಚಿತ್ರ ನೋಡಿದ ಮೇಲೆ ಕೆಲಸಕ್ಕೆ ಬರುವ ಎರಡು ಮಾತು ಹೇಳುವವರಿಗೆ. "ಭಾರೀ ಚೆನ್ನಾಗಿದೆ" ಎಂದು ಬೆನ್ನು ತಟ್ಟುವವರು ಕೆಲವರು, "ಇದೆಲ್ಲ ಕಂಪ್ಯೂಟರಿನ ಕೈಚಳಕ" ಎಂದು ಮೂಗು ಮುರಿಯುವವರು ಕೆಲವರು. ಚಿತ್ರ ತೆಗೆದವರಿಗೆ ಇಬ್ಬರಿಂದಲೂ ಕಿಲುಬು ಕಾಸಿನ ಪ್ರಯೋಜನವಿಲ್ಲ.

ಚಿತ್ರ ಇನ್‌ಫ್ರಾರೆಡ್, ಅಂದರೆ ಅವಕೆಂಪಿನದಾಗಿದ್ದರೆ ಗೊಂದಲ ಇನ್ನೂ ಹೆಚ್ಚು. ನಮ್ಮ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಬೆಳಕು. 700ರಾಚೆಗಿನ ಅವಕೆಂಪು ಬೆಳಕನ್ನು ಹಿಡಿಯಲು ಛಾಯಾಗ್ರಾಹಕರು ಸಾಮಾನ್ಯವಾಗಿ, ಕಣ್ಣಿಗೆ ಕಾಣುವ ಬೆಳಕನ್ನು ತಡೆಯುವ 720 ನ್ಯಾನೊಮೀಟರ್ ಫಿಲ್ಟರನ್ನು ಬಳಸುತ್ತಾರೆ. ಎಲೆಯ ಪತ್ರಹರಿತ್ತು ಈ ಬೆಳಕನ್ನು ಹೀರಿಕೊಳ್ಳುವುದಿಲ್ಲ. ಎಲೆಯ ಒಳಗಿನ ಕೋಶಗಳು ಅದನ್ನು ಚದುರಿಸಿ ಹೊರಗೆ ಕಳುಹಿಸಿಬಿಡುತ್ತವೆ. ಹಾಗಾಗಿ ತೆಂಗಿನ ತೋಟ ಬೆಳ್ಳಗೆ ಹೊಳೆಯುತ್ತದೆ, ನಿರಭ್ರ ಆಕಾಶವೂ ಸಮುದ್ರದ ನೀರೂ ಕಪ್ಪಾಗುತ್ತವೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1910ರಲ್ಲೇ ಇಂತಹ ಚಿತ್ರಗಳನ್ನು ಪ್ರಕಟಿಸಿದ್ದರು. ಎಲೆಗಳ ಈ ಹೊಳಪಿಗೆ ಅವರ ಹೆಸರನ್ನೇ ಇಟ್ಟು 'ವುಡ್ ಪರಿಣಾಮ' ಎನ್ನುತ್ತಾರೆ. "ತೆಂಗು ಬಿಳಿ ಇರುತ್ತದೆಯೇ?" ಎಂದು ಕೇಳುವುದು ವಿಮರ್ಶೆಯಲ್ಲ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಹಾಗಾದರೆ ಏನು ಹೇಳಬೇಕು? ಕಾಪುವಿನ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭವನ್ನು ಒಬ್ಬ ಹುಡುಗಿ ಅವಕೆಂಪಿನಲ್ಲಿ ತೆಗೆದಿದ್ದಾಳೆ ಎಂದುಕೊಳ್ಳೋಣ. ದಡದ ತೆಂಗಿನ ಗರಿಗಳು ಕಂಬಕ್ಕೆ ಅಡ್ಡ ಬಂದಿವೆ. ಸಾಮಾನ್ಯ ಕಪ್ಪುಬಿಳುಪಿನಲ್ಲಿ ಆ ಗರಿಗಳು ಗಾಢ ಬೂದಾಗಿ, ಕಂಬದ ಬಿಳಿ ಬಣ್ಣದಿಂದ ಬೇರೆಯಾಗಿ ಕಾಣುತ್ತಿದ್ದವು. ಇಲ್ಲಿ ಬಿಳಿಯ ಮೇಲೆ ಬಿಳಿ ಕೂತು ಎರಡೂ ಕಲಸಿಹೋಗಿವೆ. "ಸ್ವಲ್ಪ ಎಡಕ್ಕೆ ಸರಿದು ನಿಂತಿದ್ದರೆ ಗರಿಗಳ ಹಿಂದೆ ಕಪ್ಪು ಆಕಾಶ ಸಿಗುತ್ತಿತ್ತು" ಎಂದು ಅವಳಿಗೆ ಹೇಳಿ ನೋಡಿ. ಮುಂದಿನ ಭಾನುವಾರ ಅವಳು ಎಲ್ಲಿ ನಿಲ್ಲಬೇಕೆಂಬುದು ಆ ಒಂದು ಮಾತಿನಲ್ಲಿದೆ.

ಅವಕೆಂಪಿನ ವಿಚಿತ್ರ ಸೌಂದರ್ಯಕ್ಕೆ ನಾವು ಬೇಗ ಮರುಳಾಗುತ್ತೇವೆ ಎಂಬುದು ನನ್ನ ದೂರು. ಬಿಳಿ ಮರ ಕಂಡ ಕೂಡಲೇ ಹೊಗಳಿಕೆ ಬಾಯಿಗೆ ಬಂದುಬಿಡುತ್ತದೆ. ಆ ಬಿಳುಪನ್ನು ಮನಸ್ಸಿನಲ್ಲೇ ತೆಗೆದುಹಾಕಿ, ಉಳಿದ ಚಿತ್ರದಲ್ಲಿ ನೋಡಲು ಏನಾದರೂ ಇದೆಯೇ ಎಂದು ಕೇಳಿಕೊಳ್ಳಿ. ಇಲ್ಲವಾದರೆ ಅದನ್ನೂ ಮೆತ್ತಗೆ ಹೇಳಬೇಕು.

ಕೆಲವು ದೋಷಗಳು ತೆಗೆದವರದ್ದಲ್ಲ. ಚಿತ್ರದ ನಟ್ಟನಡುವೆ ಮಸುಕಾದ ಬೆಳಕಿನ ವೃತ್ತವೊಂದು ಕಂಡರೆ ಅದು ಹೆಚ್ಚಾಗಿ ಲೆನ್ಸಿನ ಗುಣ. ಕೆಲವು ಲೆನ್ಸುಗಳು ಅವಕೆಂಪು ಬೆಳಕಿಗೆ ಹೊಂದುವುದಿಲ್ಲ. ಲೆನ್ಸಿನಲ್ಲಿ ಬೆಳಕು ಒಳಬರುವ ದ್ಯುತಿರಂಧ್ರವನ್ನು (ಅಪರ್ಚರ್) ಕಿರಿದು ಮಾಡಿದಷ್ಟೂ ಆ ವೃತ್ತ ಎದ್ದು ಕಾಣುತ್ತದೆ, ಆದ್ದರಿಂದ ರಂಧ್ರವನ್ನು ಹಿಗ್ಗಿಸಿ ತೆಗೆದು ನೋಡಲು ಹೇಳಬಹುದು. ಫೋಕಸ್ ತುಸು ತಪ್ಪಿದ್ದರೂ ಬೈಯುವ ಮೊದಲು ಯೋಚಿಸಿ: ಅವಕೆಂಪು ಬೆಳಕು ಫೋಕಸ್ ಆಗುವ ಜಾಗವೇ ಬೇರೆ. ಹಳೆಯ ಲೆನ್ಸುಗಳ ಮೇಲೆ ಅದಕ್ಕೆಂದೇ ಕೆಂಪು ಗುರುತು ಇರುತ್ತಿತ್ತು.

ಇನ್ನು ಸಾದಾ ಕಪ್ಪುಬಿಳುಪು. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿರುವ ವೇಷಧಾರಿಯನ್ನು ಯಾರು ತಾನೇ ತೆಗೆದಿಲ್ಲ! ಕಣ್ಣಿಗೆ ಹೊಡೆಯುವ ಕೆಂಪು ಹಸಿರುಗಳು ಬಣ್ಣ ಕಳೆದುಕೊಂಡ ಮೇಲೆ ಎಷ್ಟೋ ಸಲ ಒಂದೇ ಬೂದುಬಣ್ಣವಾಗಿ, ಮುಖದ ರೇಖೆಗಳೆಲ್ಲ ಮಾಯವಾಗುತ್ತವೆ. ಇದನ್ನು ಮನೆಯಲ್ಲೇ ಸರಿಪಡಿಸಬಹುದು. ಮೂಲ ಬಣ್ಣದ ಕಡತ ಉಳಿದಿದ್ದರೆ, ಕೆಂಪನ್ನು ತಿಳಿ ಮಾಡಿ ಹಸಿರನ್ನು ಗಾಢ ಮಾಡಿದರೆ ರೇಖೆಗಳು ಮರಳಿ ಬರುತ್ತವೆ. ಆದರೆ ಬಲ್ಬಿನ ಬೆಳಕಿಗೆ ಹಣೆ ಪೂರ್ತಿ ಬಿಳಿಚಿ ಸುಟ್ಟುಹೋಗಿದ್ದರೆ ಯಾವ ತಂತ್ರಾಂಶವೂ ಅದನ್ನು ತಂದುಕೊಡಲಾರದು; ಮುಂದಿನ ಆಟಕ್ಕೆ ಹೋದಾಗಲೇ ಜಾಗ್ರತೆ ವಹಿಸಬೇಕು. ಸಲಹೆ ಕೊಡುವವರು ಈ ಎರಡನ್ನು ಬೇರೆ ಬೇರೆಯಾಗಿಯೇ ಹೇಳಬೇಕೆಂದು ನನಗೆ ಅನ್ನಿಸುತ್ತದೆ. ಆಗದ ಕೆಲಸವನ್ನು ಮಾಡು ಎಂದರೆ ಮನಸ್ಸು ಕೆಡುತ್ತದೆ.

ಮಾತಿನ ಧಾಟಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲು "ಇಲ್ಲಿ ನಿಮಗೆ ಏನು ಮುಖ್ಯವಾಗಿತ್ತು?" ಎಂದು ಕೇಳಿ. ನೆರಳನ್ನು ಬೇಕೆಂದೇ ಕಪ್ಪಾಗಿ ಬಿಟ್ಟವರಿಗೆ "ಕತ್ತಲೆ ಜಾಸ್ತಿಯಾಯಿತು" ಎನ್ನುವ ಮುಜುಗರ ತಪ್ಪುತ್ತದೆ. ಹಿರಿಯರ ಚಿತ್ರವಾದರೆ ನಾವು ಬಾಯಿ ಮುಚ್ಚಿಕೊಳ್ಳುತ್ತೇವೆ, ಕಿರಿಯರದ್ದಾದರೆ ಪಾಠ ಶುರುಮಾಡುತ್ತೇವೆ. ಚಿತ್ರಕ್ಕೆ ಮಾತ್ರ ವಯಸ್ಸಿನ ಹಂಗಿಲ್ಲ.

ಕೊನೆಗೊಂದು ವಿಷಯ. ಬಿಸಿಲಿನಲ್ಲಿ ಮೊಬೈಲ್ ಚಾಚಿ "ಹೇಗಿದೆ?" ಎಂದು ಕೇಳಿದರೆ ಕೂಡಲೇ ಉತ್ತರಿಸಬೇಡಿ. ಬೂದುಬಣ್ಣದ ನವಿರು ವ್ಯತ್ಯಾಸಗಳು ಆ ಪರದೆಯಲ್ಲಿ ಕಾಣುವುದಿಲ್ಲ. ಒಂದು ಪ್ರತಿ ಮುದ್ರಿಸಿ ತರಲು ಹೇಳಿ, ಕಿಟಕಿಯ ಬಳಿ ಇಟ್ಟುಕೊಂಡು ಇಬ್ಬರೂ ಕೂತು ನೋಡಿ.

ನಮಸ್ಕಾರ.